ಏರು ಹತ್ತಬಾರದಿದ್ದ ಗಾಡಿ

ತೊಟ್ಟಿಲು ಇರಲಿಲ್ಲ. ಅದರ ಮೇಲೆ ಹೊದಿಸಿದ್ದ ಹಳೆಯ ಧೋತರ ಮಾತ್ರ ನೆಲದ ಮೇಲೆ ಬಿದ್ದಿತ್ತು.

ಹೊರಗಿನ ಕೋಣೆಯ ಬಾಗಿಲಲ್ಲಿ ನಿಂತು ಮೈಲಾರವ್ವ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಬೆಳಗಿನ ಆರರಿಂದ ಕೂಗುತ್ತಿದ್ದಾಳೆ, ಗಂಟಲು ಇನ್ನೂ ಬಿದ್ದಿಲ್ಲ. ಎಪ್ಪತ್ತು ದಾಟಿದ ಮುದುಕಿ. ಬಮ್ಮಿಗಟ್ಟಿಯಲ್ಲಿ ಆಕೆಯ ಬಾಯಿಗೆ ಹೆದರದವರು ಯಾರೂ ಇಲ್ಲ. ಶನಿವಾರ ಅಣ್ಣಿಗೇರಿಗೆ ಹೋಗಿ ಸೋಮವಾರ ಒಂಬತ್ತರ ಬಸ್ಸಿಗೆ ಬಂದಿಳಿದ ಮಾಬುಬಿ ಮನೆಗೆ ಹೋಗುವುದನ್ನು ಬಿಟ್ಟು ಆ ಕೂಗಿನ ಕಡೆಗೇ ನಡೆದಳು.

ಮಾಬುಬಿ ಎಂದರೆ ಬಸ್ ಸ್ಟ್ಯಾಂಡಿನ ಬಾಜು ಗ್ಯಾರೇಜ್ ನಡೆಸುವ ಹೆಂಗಸು. ಗಂಡ ಅಬ್ದುಲ್‌ಸಾಬ ತೀರಿಕೊಂಡು ಆರು ವರ್ಷ. ಹೆಂಗಸು ಏನು ಗಾಡಿ ರಿಪೇರಿ ಮಾಡುತ್ತಾಳೆ ಎಂದು ನಕ್ಕವರೆಲ್ಲ ಈಗ ಅವಳ ಅಂಗಡಿ ಮುಂದೆಯೇ ಸಾಲು ನಿಲ್ಲುತ್ತಾರೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಿಡಿದ ಕೆಲಸ ಮಾತ್ರ ಬಿಡುವವಳಲ್ಲ.

“ಹೋತು ಬೇ ಮಾಬವ್ವಾ, ನಿನ್ನಿ ರಾತ್ರಿ ತೊಟ್ಲಾ ಹೋತು,” ಎಂದಳು ಮೈಲಾರವ್ವ. “ನಮ್ಮತ್ತಿಯ ಅತ್ತಿ ಕಾಲದ್ದು. ಒಯ್ದಾಂವ ಯಾರಂತ ನನಗ ಗೊತ್ತೈತಿ. ಸುಭಾಸ. ಊರ ಮುಂದ ಹೇಳ್ತೀನಿ, ಅಂವ ಕಳ್ಳ.”

“ಕಣ್ಣಾರೆ ನೋಡಿಯೇನ್ ಆಯಿ?”

“ನೋಡೂದೇನೈತಿ? ಅವನ ಗಾಡಿ ಹುಣಸಿಮರದ ಏರಿನ ಮ್ಯಾಲ ಸಿಕ್ಕೈತಿ. ಹಿಂದ ಹಗ್ಗ ಐತಿ. ಹಗ್ಗಕ್ಕ ತೊಟ್ಲದ ಕೆಂಪು ಬಣ್ಣ ಹತ್ತೈತಿ. ಏಳಕ್ಕ ಪೊಲೀಸರು ಬಂದು ಅವನ್ನ ಎಳಕೊಂಡು ಹೋದ್ರು.”

“ಏರಿನ ಕೆಳಗೋ, ಮ್ಯಾಲೋ?”

“ಮ್ಯಾಲ. ಕಲಘಟಗಿ ರಸ್ತಾದ ಬಾಜೂಕ. ಯಾಕ?”

ಮಾಬುಬಿ ಕೈಯಲ್ಲಿದ್ದ ಚೀಲವನ್ನು ಕಟ್ಟೆಯ ಮೇಲಿಟ್ಟು ಏರಿನ ಕಡೆ ನೋಡಿದಳು. ಆ ಗಾಡಿ ಆ ಏರು ಹತ್ತಲು ಸಾಧ್ಯವೇ ಇರಲಿಲ್ಲ.

ಸುಭಾಸನ ಗಾಡಿ ತೊಂಬತ್ತೆಂಟನೇ ಇಸವಿಯ ನೂರು ಸಿಸಿಯದು. ಹೋದ ಗುರುವಾರ ಅದನ್ನು ಅಂಗಡಿಗೆ ತಂದಿದ್ದ. ಆಕ್ಸಿಲೇಟರ್ ತಿರುವಿದರೆ ಎಂಜಿನ್ ಒದರುತ್ತದೆ, ಏರಿನಲ್ಲಿ ಗಾಡಿ ಮುಂದೆ ಹೋಗುವುದಿಲ್ಲ ಎಂದಿದ್ದ. ಮಾಬುಬಿ ಮೊದಲು ಕ್ಲಚ್ಚಿನ ಕೇಬಲ್ ನೋಡಿದಳು. ಬಿಗಿ ಇರಲಿಲ್ಲ, ಹಿಡಿಕೆಯಲ್ಲಿ ಇರಬೇಕಾದಷ್ಟು ಸಡಿಲು ಇತ್ತು. ಆಮೇಲೆ ಎರಡೂ ಬ್ರೇಕ್ ಒತ್ತಿ ಹಿಡಿದು, ನಾಲ್ಕನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟಳು. ಕ್ಲಚ್ ಸರಿಯಿದ್ದರೆ ಎಂಜಿನ್ ಆ ಕ್ಷಣವೇ ಬಂದ್ ಬೀಳಬೇಕು. ಬೀಳಲಿಲ್ಲ. ನಿಂತಲ್ಲೇ ನಿಂತು ಗರ್ಜಿಸಿತು. ಒಳಗಿನ ಪ್ಲೇಟುಗಳು ಸವೆದು ನುಣ್ಣಗಾಗಿವೆ, ಒಂದನ್ನೊಂದು ಹಿಡಿಯುತ್ತಿಲ್ಲ ಎಂದು ಅದರ ಅರ್ಥ.

ಅವಳೇ ಹೇಳಿದ್ದಳು: “ಪ್ಲೇಟ್ ಮುಗದಾವಪಾ. ಹುಬ್ಬಳ್ಳಿಯಿಂದ ತರಸ್ತೀನಿ. ಶನಿವಾರ ಗಾಡಿ ಅಂಗಡಿ ಮುಂದ ಇಟ್ಟು ಕೀಲಿ ಡಬ್ಬಿಗೆ ಹಾಕಿ ಹೋಗು. ಸೋಮವಾರ ಹಾಕಿ ಕೊಡ್ತೀನಿ. ಅಲ್ಲೀಮಟ ಏರಿಗೆ ಒಯ್ಯಬ್ಯಾಡ.”

ಅವಳ ಅಂಗಡಿಯ ಬಾಗಿಲಿಗೆ ಒಂದು ಖಾಲಿ ಆಯಿಲ್ ಡಬ್ಬಿ ತೂಗುಹಾಕಿದೆ. ಅಂಗಡಿ ಮುಚ್ಚಿದ್ದರೆ ಗಿರಾಕಿಗಳು ಅದರೊಳಗೆ ಕೀಲಿ ಹಾಕಿ ಹೋಗುತ್ತಾರೆ. ಅಬ್ದುಲ್‌ಸಾಬನ ಕಾಲದಿಂದ ಬಂದ ಪದ್ಧತಿ, ಸುತ್ತ ಹತ್ತು ಊರಿಗೆ ಗೊತ್ತು. ಶನಿವಾರ ಸಂಜೆ ಸುಭಾಸ ಫೋನ್ ಮಾಡಿ, “ಗಾಡಿ ಇಟ್ಟೇನ್ರಿ ಅಕ್ಕಾರ,” ಎಂದಿದ್ದ.

ಅಂದರೆ ಕಳ್ಳ ಆ ಗಾಡಿಯನ್ನು ಎತ್ತಿದ್ದು ಅವಳ ಬಾಗಿಲಿನಿಂದ. ಅವಳು ಇಡು ಎಂದದ್ದಕ್ಕೆ ಇಟ್ಟವನು ಈಗ ಠಾಣೆಯಲ್ಲಿ ಕುಳಿತಿದ್ದಾನೆ. ಮಾಬುಬಿ ಚೀಲವನ್ನು ಕಟ್ಟೆಯ ಮೇಲೆಯೇ ಬಿಟ್ಟು ಹೊರಟಳು.

* * *

ಸುಭಾಸನ ಮನೆ ಕೆರೆಯ ಆಚೆಯ ಓಣಿಯಲ್ಲಿ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವನ ಹೆಂಡತಿ ಸುನೀತಾ ಒಂಬತ್ತು ದಿನದ ಹೆಣ್ಣು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅತ್ತು ಮುಗಿಸಿದ ಮುಖ.

“ನಾಕಕ್ಕ ಸಾಹೇಬ್ರು ಬರ್ತಾರಂತ ಅಕ್ಕಾ. ಬಂದ ಕೂಡ್ಲೆ ಕೋರ್ಟಿಗೆ ಕಳಸ್ತಾರಂತ,” ಎಂದಳು. “ಶಾಲಿಯಿಂದ ಫೋನ್ ಬಂದಿತ್ತು. ಕಳ್ಳನ ಕೈಯಾಗ ಹುಡುಗರ ವ್ಯಾನ್ ಕೊಡೂದಿಲ್ಲ ಅಂದ್ರು. ಹನ್ನೊಂದು ವರ್ಷ ಓಡಿಸ್ಯಾನ. ಒಂದು ಹುಡುಗನ ಉಗರಿಗೂ ಪೆಟ್ಟಾಗಿಲ್ಲ.”

“ಜಗಳ ಏನಾಗಿತ್ತು?”

ಸುನೀತಾ ಕೂಸಿನ ತಲೆಯ ಕುಂಚಿಗೆ ಸರಿಪಡಿಸಿದಳು. ಮೈಲಾರವ್ವನ ತೊಟ್ಟಿಲು ಆ ಓಣಿಯ ಎಲ್ಲ ಮನೆಗಳ ನಾಮಕರಣಕ್ಕೂ ಹೋಗುತ್ತದೆ. ಒಯ್ದವರು ಒಂದು ಬಟ್ಟಲು ಎಣ್ಣೆ, ಒಂದು ತೆಂಗಿನಕಾಯಿಯ ಜೊತೆ ಹಿಂದಿರುಗಿಸುತ್ತಾರೆ. ಹೋದ ವಾರ ಸುಭಾಸ ತನ್ನ ಮಗಳಿಗೂ ಒಂದು ದಿನ ಕೊಡಿ ಎಂದು ಕೇಳಲು ಹೋಗಿದ್ದ. ಓಣಿ ಬಿಟ್ಟು ಹೊರಗೆ ಕೊಡುವುದಿಲ್ಲ ಎಂದಳಂತೆ ಮುದುಕಿ.

“ಅದಕ್ಕ ಇಂವ, ‘ಕುಬಿಹಾಳದ ನಿಮ್ಮ ಬೀಗರ ಮನಿಮಟ ಹೋದ ತೊಟ್ಲಕ್ಕ ಕೆರಿ ದಾಟೂದು ದೂರ ಆತೇನ್ರಿ’ ಅಂದ. ಅಷ್ಟ ಅಕ್ಕಾ. ಬ್ಯಾರೆ ಒಂದು ಮಾತಿಲ್ಲ. ಅಲ್ಲಿದ್ದಾವರೆಲ್ಲಾ ಕೇಳ್ಯಾರ.”

“ಯಾರ್‍ಯಾರ ಇದ್ರು?”

“ಓಣಿ ಮಂದಿ. ತೊಟ್ಲಕ್ಕ ಬಣ್ಣ ಹಚ್ಚಾಕ ಬಂದಾವರು. ನನಗೇನು ಗೊತ್ತು, ನಾ ಹೋಗಿದ್ದಿಲ್ಲ.”

ಮಾಬುಬಿ ಎದ್ದಳು. “ನಾಕು ಗಂಟಿ ಇನ್ನೂ ಆಗಿಲ್ಲ. ಕೂಸಿಗೆ ಹಾಲು ಕುಡಸು. ಉಪವಾಸ ಕುಂತ್ರ ಅಂವ ಬರಂಗಿಲ್ಲ.”

* * *

ಟಂಟಂ ರಿಕ್ಷಾದಲ್ಲಿ ಒತ್ತಿಕೊಂಡು ಕುಳಿತು ಕಲಘಟಗಿ ಠಾಣೆ ಸೇರುವಾಗ ಹನ್ನೊಂದು ದಾಟಿತ್ತು. ಹವಾಲ್ದಾರ ಅಮೋಘಸಿದ್ದಪ್ಪ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡಿದ್ದ. ದೊಡ್ಡ ಹೊಟ್ಟೆ, ಸಣ್ಣ ಕಣ್ಣು. ಕೆಟ್ಟವನಲ್ಲ. ಆದರೆ ಸಿಕ್ಕ ಉತ್ತರ ಬಿಟ್ಟು ಸಿಗದ ಉತ್ತರ ಹುಡುಕಲು ಹೋಗುವ ಚಟ ಅವನಿಗೆ ಇರಲಿಲ್ಲ. ಅವನ ಪಕ್ಕದಲ್ಲಿ ಸುಭಾಸನ ಗಾಡಿ ನಿಂತಿತ್ತು.

“ಹವಾಲ್ದಾರ್ರ, ಈ ಗಾಡಿ ಏರು ಹತ್ತಂಗಿಲ್ರಿ. ಇದರ ಕ್ಲಚ್ ಹೋಗೈತಿ. ಗುರುವಾರ ನಾನ ನೋಡೇನಿ.”

“ಹತ್ತೈತಲ್ಲ. ಏರಿನ ಮ್ಯಾಲ ನಾನ ಜಪ್ತಿ ಮಾಡೀನಿ.”

“ಅದಕ್ಕ ಬಂದೇನ್ರಿ. ಚಾಲೂ ಮಾಡ್ರಿ. ಬ್ಯಾರೆ ಯಾರೂ ಬ್ಯಾಡ, ನೀವ ಹತ್ರಿ.”

ಹವಾಲ್ದಾರ ನಕ್ಕ. ಬೇಸರದ ಹೊತ್ತು, ಇದೊಂದು ಮೋಜು ಎಂದುಕೊಂಡಿರಬೇಕು. ಗಾಡಿ ಹತ್ತಿ ಕಿಕ್ ಹೊಡೆದ. ಹತ್ತು ನಿಮಿಷ ಎಂಜಿನ್ ಕಾಯಲಿ ಎಂದಳು. ಕಾಯಿತು. ಎರಡೂ ಬ್ರೇಕ್ ಒತ್ತಿ ಹಿಡಿಯಿರಿ, ನಾಲ್ಕನೇ ಗೇರ್ ಹಾಕಿ, ಸ್ವಲ್ಪ ಆಕ್ಸಿಲೇಟರ್ ಕೊಟ್ಟು ಕ್ಲಚ್ ಬಿಡಿ ಎಂದಳು. ಬಿಟ್ಟ.

ಗಾಡಿ ಒಮ್ಮೆ ಮುಗ್ಗರಿಸಿ ಪಟ್ಟನೆ ಬಂದ್ ಬಿತ್ತು. ಹವಾಲ್ದಾರನ ಹೊಟ್ಟೆ ಟ್ಯಾಂಕಿಗೆ ಬಡಿಯಿತು.

“ಏನಾತು?”

“ಕ್ಲಚ್ ಅಗದಿ ಚಲೋ ಐತ್ರಿ,” ಎಂದಳು ಮಾಬುಬಿ. ಅವಳ ದನಿ ಸಣ್ಣದಾಗಿತ್ತು. “ಗುರುವಾರ ಸತ್ತಿತ್ತು. ಇವತ್ತು ಎದ್ದು ಕುಂತೈತಿ.”

“ಹಂಗಾರ ಅವನ ರಿಪೇರಿ ಮಾಡಿಸ್ಯಾನ. ಕಳವು ಮಾಡಾಕ ಗಾಡಿ ತಯಾರ್ ಮಾಡಿಕೊಂಡಾನ.”

“ಎಲ್ಲಿ ಮಾಡಿಸ್ಯಾನ್ರಿ? ಪ್ಲೇಟ್ ಶುಕ್ರವಾರ ಬಂದು ನನ್ನ ಅಂಗಡಿಯೊಳಗ ಪೊಟ್ಟಣ ಒಡೀದನ ಕುಂತಾವ. ನಾಳೆ ಕಳವು ಮಾಡಾಂವ ನನಗ ಫೋನ್ ಮಾಡಿ ಗಾಡಿ ಇಟ್ಟೇನ್ರಿ ಅಂತಾನೇನು?”

ಹವಾಲ್ದಾರ ಮೀಸೆ ತೀಡಿದ.

ಮಾಬುಬಿ ನೆಲಕ್ಕೆ ಕುಳಿತು ಎಂಜಿನ್ನಿನ ಬಲಮಗ್ಗುಲು ನೋಡಿದಳು. ಪ್ಲೇಟುಗಳಿರುವುದು ಆ ಕವರಿನ ಒಳಗೆ. ಕವರಿನ ಅಂಚಿನಿಂದ ಕೆಳಕ್ಕೆ ಒಂದು ಕೆಂಪು ಗೆರೆ ಇಳಿದಿತ್ತು.

“ಅದಾ? ಅದು ಬರದೀನಿ,” ಎಂದ ಹವಾಲ್ದಾರ. “ತೊಟ್ಲದ ಬಣ್ಣ. ಹೇರಿಕೊಂಡು ಹೋಗೂ ಮುಂದ ತಿಕ್ಕೈತಿ. ಅದ ಸಾಕ್ಷಿ.”

“ತೊಟ್ಲಾ ಕಟ್ಟಿದ್ದು ಹಿಂದ. ಬಣ್ಣ ಹತ್ತಿದ್ದು ಮುಂದ, ಎಂಜಿನ್ನಿನ ತಳಕ್ಕ. ಅದು ಹೆಂಗ್ರಿ ಹವಾಲ್ದಾರ್ರ?”

ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ಬಿಸಿಗೆ ಮೆತ್ತಗಾಗಿತ್ತು, ಬೆರಳಿಗೆ ಅಂಟಿತು. ಕೈ ಎತ್ತಿ ಗಾಳಿಗೆ ಹಿಡಿದರೆ ಗಟ್ಟಿಯಾಯಿತು. ತಿಕ್ಕಿ ಹತ್ತಿದ್ದಲ್ಲ ಇದು, ಕವರಿನ ಸಂದಿಯಿಂದ ಕರಗಿ ಇಳಿದದ್ದು. ಉಗುರಿನಿಂದ ಒಂದಿಷ್ಟು ಕೆರೆದು ಬಸ್ಸಿನ ಟಿಕೆಟ್ಟಿನಲ್ಲಿ ಮಡಚಿಕೊಂಡಳು. ಕವರಿನ ಸ್ಕ್ರೂಗಳ ಫೋಟೊ ತೆಗೆದಳು.

ಒಳಗಿನ ಕೋಣೆಯಲ್ಲಿ ಸುಭಾಸ ಗೋಡೆಗೆ ಒರಗಿ ಕುಳಿತಿದ್ದ. ಮಾಬುಬಿಯನ್ನು ಕಂಡು ಎದ್ದು ನಿಂತ.

“ಅಕ್ಕಾರ, ನಾ ತಗೊಂಡಿಲ್ರಿ.”

“ಗೊತ್ತೈತಿ. ಕುಂದ್ರು,” ಎಂದು ಹೊರಗೆ ಬಂದಳು. ಇನ್ನೊಂದು ಮಾತಾಡಿದ್ದರೆ ಅಳು ಬರುತ್ತಿತ್ತು.

* * *

ಮೊದಲು ಅನುಮಾನ ಬಂದದ್ದು ತನ್ನವರ ಮೇಲೆಯೇ. ಕ್ಲಚ್ ಬಿಚ್ಚಿ ಹಾಕಬೇಕಾದರೆ ಮೆಕ್ಯಾನಿಕ್ ಬೇಕು. ಆ ಕಾಲದ ನೂರು ಸಿಸಿ ಗಾಡಿಗೆ ಕೈ ಹಾಕುವವನು ಕಲಘಟಗಿಯಲ್ಲಿ ಒಬ್ಬನೇ, ಗೌಸ್. ಅಬ್ದುಲ್‌ಸಾಬನ ತಮ್ಮ, ಮಾಬುಬಿಯ ಮೈದುನ. ಅಣ್ಣ ಸತ್ತ ಮೇಲೆ ಬಮ್ಮಿಗಟ್ಟಿಯ ಅಂಗಡಿ ತನಗೆ ಬರಬೇಕಿತ್ತು ಎಂದು ಮುನಿಸಿಕೊಂಡವನು. ಎರಡು ವರ್ಷದಿಂದ ಮಾತಿಲ್ಲ.

“ನಿನ್ನಿ ಸುಭಾಸನ ಗಾಡಿಗೆ ಕ್ಲಚ್ ಹಾಕಿಯೇನು?” ಎಂದಳು ಅವನ ಅಂಗಡಿಯ ಬಾಗಿಲಲ್ಲಿ ನಿಂತು, ಸಲಾಮೂ ಇಲ್ಲದೆ.

ನಟ್ಟು ಬಿಗಿಯುತ್ತಿದ್ದ ಗೌಸ್ ಪಾನಾ ಕೆಳಗಿಟ್ಟ. “ಎರಡು ವರ್ಷದ ಮ್ಯಾಲ ಬಂದು ಇದನ್ನ ಕೇಳ್ತಿ ಏನ್ ಭಾಬಿ? ಹಾಕಿದ್ರ ಹಾಕೀನಿ ಅಂತಿದ್ದೆ. ಅದರಾಗೇನು ಮುಚ್ಚೂದು?”

ಅವಳು ಫೋಟೊ ತೋರಿಸಿದಳು. ಗೌಸ್ ಕನ್ನಡಕ ಏರಿಸಿ ನೋಡಿದ. ನೋಡುತ್ತಿದ್ದಂತೆ ಅವನ ಮುಖ ಗಂಟಿಕ್ಕಿತು.

“ಥೂ. ಇದನ್ನ ನಾ ಮಾಡೀನಿ ಅಂತ ತಿಳದು ಬಂದಿಯಾ? ಸ್ಕ್ರೂ ತಲಿ ನೋಡು. ಸ್ಕ್ರೂಡ್ರೈವರ್ ಹಾಕಿದ ಗಾಯ ಅಲ್ಲಿದು. ಅಗಲ ಐತಿ, ಚೂಪ ಐತಿ. ಉಳಿ ಇಟ್ಟು ತಿರುವ್ಯಾನ. ಇದು ಕಟಗಿ ಕೆಲಸದಾವನ ಕೈ.”

ಮಾಬುಬಿ ಟಿಕೆಟ್ ಬಿಚ್ಚಿ ಕೆಂಪು ಚೂರು ತೋರಿಸಿದಳು. “ಕವರಿನ ಸಂದಿಗೆ ಇದನ್ನ ಹಚ್ಯಾನ.”

ಗೌಸ್ ಕಡ್ಡಿ ಗೀರಿದ. ಚೂರು ಕುದಿದು ಗುಳ್ಳೆ ಎದ್ದಿತು. ಅಂಗಡಿಯೊಳಗೆಲ್ಲ ಒಂದು ಸಿಹಿ ಕಮಟು ವಾಸನೆ ಹರಡಿತು. ಬಳೆಗಾರನ ಮನೆಯಲ್ಲಿ, ಬಡಿಗರು ಕಟ್ಟಿಗೆ ಕಡೆಯುವ ತಿರುಗಣಿಯ ಮುಂದೆ ಬರುವ ವಾಸನೆ.

“ಅರಗು,” ಎಂದರು ಇಬ್ಬರೂ ಒಟ್ಟಿಗೆ.

ಕವರ್ ಬಿಚ್ಚುವಾಗ ನಡುವಿನ ಕಾಗದದ ಪ್ಯಾಕಿಂಗ್ ಹರಿಯುತ್ತದೆ. ಹರಿದರೆ ಆಯಿಲ್ ಸೋರುತ್ತದೆ. ಮೆಕ್ಯಾನಿಕ್ ಆದವನು ಹೊಸ ಪ್ಯಾಕಿಂಗ್ ಹಾಕುತ್ತಾನೆ, ಅದಕ್ಕೆಂದೇ ಇರುವ ಬೂದು ಪೇಸ್ಟ್ ಹಚ್ಚುತ್ತಾನೆ. ಕಲಘಟಗಿಯ ತೊಟ್ಟಿಲು ಮಾಡುವವರ ಲೋಕವೇ ಬೇರೆ. ಕಟ್ಟಿಗೆ ಬಿರುಕು ಬಿಟ್ಟರೂ ಅರಗು, ಹಿಡಿ ಸಡಿಲಾದರೂ ಅರಗು, ಮನೆಯ ಕೊಡ ಸೋರಿದರೂ ಅರಗು. ತಣ್ಣಗಿರುವಾಗ ಕಲ್ಲಿನಂತೆ ಹಿಡಿಯುತ್ತದೆ. ಎಂಜಿನ್ ಅರಗು ಕರಗುವಷ್ಟು ಕಾಯುತ್ತದೆ ಎಂಬುದು ಹುಟ್ಟಿದಾಗಿನಿಂದ ಅರಗನ್ನೇ ನಂಬಿದವನಿಗೆ ಹೊಳೆಯುವುದಿಲ್ಲ.

“ಪ್ಲೇಟ್ ಎಲ್ಲಿಂದ ತಂದ?” ಮಾಬುಬಿ ತನಗೆ ತಾನೇ ಎಂಬಂತೆ ಕೇಳಿದಳು. “ಶನಿವಾರ ರಾತ್ರಿ ಗಾಡಿ ಎತ್ತ್ಯಾನ. ಏರು ಹತ್ತೂ ಮುಂದ ಅದು ಕೈ ಕೊಟ್ಟಿರಬೇಕು. ರಿಪೇರಿ ಆಗಿದ್ದು ನಿನ್ನಿ.”

“ನಿನ್ನಿ ಐತವಾರ. ಈ ಊರಾಗ ಸ್ಪೇರ್ ಪಾರ್ಟ್ಸ್ ಅಂಗಡಿ ಬಂದ್. ಮತ್ತೊಂದು ಗಾಡಿಯಿಂದ ಬಿಚ್ಚಿರಬೇಕು, ಇಂಥಾದ ಹಳೇ ಗಾಡಿಯಿಂದ.” ಗೌಸ್ ಕನ್ನಡಕ ಇಳಿಸಿದ. “ಹಂಗಾರ ಸುಭಾಸನ ಹಳೇ ಪ್ಲೇಟ್ ಎಲ್ಲಿ ಹೋದವು ಭಾಬಿ? ಅವನ್ನ ಹಾಕಿದ್ದು ನೀನಲ್ಲ?”

“ಮೂರು ವರ್ಷದ ಹಿಂದ.”

“ಅಣ್ಣ ಚುಕ್ಕಿ ಹೊಡೀತಿದ್ದ. ನೀನೂ ಹೊಡೀತಿ.”

ಹೊಡೆಯುತ್ತಾಳೆ. ತಾನು ಹಾಕಿದ ಕಬ್ಬಿಣದ ಪ್ಲೇಟಿನ ಅಂಚಿನ ಕಿವಿಗೆ ಪಂಚ್ ಇಟ್ಟು ಎರಡು ಚುಕ್ಕಿ. ಬೇರೆ ಕಡೆ ಕೊಂಡ ಪ್ಲೇಟ್ ತಂದು ನಿನ್ನದೇ ಎಂದು ಜಗಳ ತೆಗೆಯುವವರಿಗೆ ಅಬ್ದುಲ್‌ಸಾಬ ಕಂಡುಕೊಂಡ ಮದ್ದು.

ಮಾಬುಬಿ ಫೋನ್ ತೆಗೆದು ಮೈಲಾರವ್ವನಿಗೆ ಹಚ್ಚಿದಳು.

“ಆಯಿ, ತೊಟ್ಲಕ್ಕ ಬಣ್ಣ ಹಚ್ಚಿದಾಂವ ಯಾರು?”

“ಕಿರಣಕುಮಾರ. ಕಲಘಟಗಿಯಾಂವ. ಪ್ರತಿ ವರ್ಷ ಅವನ ಬರ್ತಾನ. ಅವರ ಮುತ್ತ್ಯಾನ ಮಾಡಿದ್ದಂತ ಈ ತೊಟ್ಲಾ.”

“ಸುಭಾಸನ ಜಗಳ ಆದಾಗ ಇದ್ನೇನು?”

“ಇದ್ದ. ಬಣ್ಣ ಹಚ್ಚಾಕ ಹತ್ತಿದ್ದ.”

“ತೊಟ್ಲಾ ಯಾವಾಗ್ಲೂ ದೇವರ ಕೋಣ್ಯಾಗ ಇರ್ತಿತ್ತು. ಹೊರಗಿನ ಕೋಣಿಗೆ ಯಾಕ ಬಂತು?”

“ಅವನ ಅಂದ. ಬಣ್ಣ ಆರಾಕ ಒಂದು ವಾರ ಬೇಕು, ಗಾಳಿಗೆ ಇಡು ಅಂದ. ಯಾಕ ಬೇ?”

ಗೌಸ್ ಕೇಳಿಸಿಕೊಳ್ಳುತ್ತಿದ್ದ. “ಅರಗಿನ ಬಣ್ಣಕ್ಕ ಒಂದು ವಾರ?” ಎಂದು ನಕ್ಕ. “ಕೈ ತಗಿಯೂದ್ರಾಗ ಬಿರುಸಾಗ್ತೈತಿ.”

“ನೀನೂ ಬಾ,” ಎಂದಳು ಮಾಬುಬಿ. “ಪಾನಾ ತಗೋ.”

* * *

ಒಂದೂವರೆ ಗಂಟೆ. ಮಾಬುಬಿ ಕರೆದದ್ದಕ್ಕೆ ಹವಾಲ್ದಾರ ಊಟ ಬಿಟ್ಟು ಬಂದಿದ್ದ, ಆ ಸಿಟ್ಟು ಮುಖದ ಮೇಲಿತ್ತು. ಕಿರಣಕುಮಾರನ ಮನೆಯ ಹಿಂದೆ ತಗಡಿನ ಶೆಡ್ಡು. ಒಳಗೆ ತಿರುಗಣಿ, ಸಾಲಾಗಿ ಜೋಡಿಸಿದ ತೊಟ್ಟಿಲಿನ ಕಾಲುಗಳು, ಕೆಂಪು ಹಳದಿ ಅರಗಿನ ಕಡ್ಡಿಗಳು. ಮೂವತ್ತರ ಹುರುಪಿನ ಹುಡುಗ, ಅಚ್ಚುಕಟ್ಟು ಅಂಗಿ. ಕುರ್ಚಿ ಹಾಕಿ ನೀರು ಕೊಟ್ಟ.

“ಕೇಳಿ ಭಾಳ ಕೆಟ್ಟನಿಸ್ತ್ರಿ ಸಾಹೇಬ್ರ. ನಮ್ಮ ಮನಿತನದ ಕೆಲಸ ಅದು. ಯಾರು ಹಿಂಗ ಮಾಡಿದ್ರೋ ಏನೋ.”

“ನಿನಗ ಗಾಡಿ ಐತೇನು?” ಎಂದಳು ಮಾಬುಬಿ.

“ಐತ್ರಿ. ಇಲ್ಲೇ ಐತಲ್ಲ.”

ಶೆಡ್ಡಿನ ಮೂಲೆಯಲ್ಲಿ ನಿಂತಿತ್ತು. ಅದೇ ಹಳೆಯ ನೂರು ಸಿಸಿ. ಟ್ಯಾಂಕಿನ ತುಂಬ ತೊಟ್ಟಿಲಿಗೆ ಬಿಡಿಸುವಂಥ ಹೂಬಳ್ಳಿ, ಗಿಳಿ, ಆನೆ. ಇಡೀ ತಾಲೂಕಿನಲ್ಲಿ ಆ ಗಾಡಿಯನ್ನು ಗುರುತಿಸದವರಿಲ್ಲ.

“ನನ್ನ ಗಾಡಿ ಇರೂ ಮುಂದ ಸುಭಾಸನ ಗಾಡಿ ನನಗ್ಯಾಕ ಬೇಕ್ರಿ?” ಎಂದ ಕಿರಣಕುಮಾರ.

ಅವನನ್ನು ಯಾರೂ ಆ ಮಾತು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನು ಅನ್ನುವ ಮೊದಲೇ ಮುಟ್ಟಿಕೊಂಡಿದ್ದ. ಹವಾಲ್ದಾರನ ಸಣ್ಣ ಕಣ್ಣು ಇನ್ನಷ್ಟು ಸಣ್ಣದಾಯಿತು.

“ಹತ್ರಿ ಹವಾಲ್ದಾರ್ರ. ಮುಂಜಾನೆ ಮಾಡಿದಂಗ ಮಾಡ್ರಿ,” ಎಂದಳು ಮಾಬುಬಿ.

ಹವಾಲ್ದಾರ ಹತ್ತಿದ. ಬ್ರೇಕ್ ಹಿಡಿದ, ನಾಲ್ಕನೇ ಗೇರ್ ಹಾಕಿದ, ಕ್ಲಚ್ ಬಿಟ್ಟ. ಹೊಟ್ಟೆ ಬಡಿಯದಂತೆ ಹಿಂದಕ್ಕೆ ಸರಿದೇ ಕುಳಿತಿದ್ದ.

ಗಾಡಿ ಬಂದ್ ಬೀಳಲಿಲ್ಲ. ನಿಂತಲ್ಲೇ ಗರ್ಜಿಸಿತು. ಇನ್ನಷ್ಟು ಆಕ್ಸಿಲೇಟರ್ ಕೊಟ್ಟ. ಇನ್ನಷ್ಟು ಒದರಿತು, ಸುಟ್ಟ ಆಯಿಲ್ಲಿನ ವಾಸನೆ ಬಂತು, ಚಕ್ರ ಮಾತ್ರ ಅಲುಗಲಿಲ್ಲ.

“ಹಳೇ ಗಾಡಿ ಅಲ್ರಿ,” ಎಂದ ಕಿರಣಕುಮಾರ. “ಕ್ಲಚ್ ಸವದಿರಬೇಕು.”

“ಹೋದ ವಾರ ಇದ ಗಾಡಿ ಹತ್ತಿ ಬಮ್ಮಿಗಟ್ಟಿಗೆ ಬಂದಿ. ಹೊಳ್ಳಿ ಹೋಗೂ ಮುಂದ ಹುಣಸಿಮರದ ಏರು ಹತ್ತಿ ಹೋದಿ. ಒಂದು ವಾರದಾಗ ಸವೀತೇನು?” ಮಾಬುಬಿ ತೋಳು ಮೇಲೇರಿಸಿದಳು. “ಗೌಸ್, ಬಿಚ್ಚು.”

“ಕಾಗದ ಇಲ್ದ ಹೆಂಗ ಬಿಚ್ತೀರಿ?” ಅವನ ದನಿ ಏರಿತು.

“ಕಾಗದ ನಾ ಬರೀತೀನಿ,” ಎಂದ ಹವಾಲ್ದಾರ. ಓಣಿಯ ಇಬ್ಬರನ್ನು ಪಂಚರಾಗಿ ಕರೆದು, ಪೆನ್ನು ತೆಗೆದು ನಿಜವಾಗಿಯೂ ಬರೆಯತೊಡಗಿದ.

ಕಿಕ್ ರಾಡ್ ತೆಗೆದರು. ಆಯಿಲ್ ಇಳಿಸಿದರು, ಕಪ್ಪಗಿತ್ತು. ಕವರ್ ಬಿಡಿಸುವಾಗ ಅಂಚಿನಲ್ಲಿ ಕೆಂಪು ಅರಗು ಚೂರು ಚೂರಾಗಿ ಉದುರಿತು. ಕ್ಲಚ್ಚಿನ ನಡುವಿನ ನಟ್ಟಿನ ಮೇಲೆ ಉಳಿಯ ಏಟುಗಳಿದ್ದವು. ಗೌಸ್ ನಾಲಿಗೆ ಲೊಚಗುಟ್ಟಿದ. ಒಂದೊಂದೇ ಪ್ಲೇಟ್ ಹೊರಬಂತು. ಸವೆದು ಹೊಳೆಯುವ ಪ್ಲೇಟುಗಳು, ನಡುವೆ ಕಾವಿಗೆ ನೀಲಿಗಟ್ಟಿದ ಕಬ್ಬಿಣದವು.

ಮಾಬುಬಿ ಒಂದನ್ನು ಸೆರಗಿನಿಂದ ಒರೆಸಿ ಹವಾಲ್ದಾರನ ಕೈಗೆ ಕೊಟ್ಟಳು. ಕಿವಿಯ ಮೇಲೆ ಎರಡು ಚುಕ್ಕಿ. ಇನ್ನೊಂದು ಕೊಟ್ಟಳು. ಎರಡು ಚುಕ್ಕಿ.

“ಇವು ಸುಭಾಸನ ಪ್ಲೇಟ್. ನಾನ ಹಾಕಿದ್ದು. ಇವನ ಪ್ಲೇಟ್ ಠಾಣೆದಾಗ ಸುಭಾಸನ ಗಾಡಿಯೊಳಗ ಅದಾವ. ಅದನ್ನೂ ಬಿಚ್ಚಿ ನೋಡ್ರಿ. ನನ್ನ ಚುಕ್ಕಿ ಇದ್ರ ನನ್ನ ಅಂಗಡಿ ಬಂದ್ ಮಾಡ್ತೀನಿ.”

ಕಿರಣಕುಮಾರ ತಿರುಗಣಿಯ ಪಕ್ಕ ಕುಳಿತ.

“ಇವನ ಗಾಡಿ ಊರಿಗೆಲ್ಲಾ ಗೊತ್ತು, ಅದಕ್ಕ ಅದನ್ನ ತರೂ ಹಂಗಿದ್ದಿಲ್ಲ,” ಮಾಬುಬಿ ಹವಾಲ್ದಾರನಿಗೆ ಹೇಳುತ್ತ ಹೋದಳು. “ಸುಭಾಸ ಜಗಳ ಆಡಿದ್ದನ್ನ ಕೇಳ್ಯಾನ. ಅವನ ಗಾಡಿ ಒಯ್ದು ಏರಿನ ಮ್ಯಾಲ ಬಿಟ್ರ ಯಾರೂ ಮತ್ತೊಬ್ಬನ ಹೆಸರ ತಗಿಯಂಗಿಲ್ಲ. ಶನಿವಾರ ಡಬ್ಬಿಯೊಳಗ ಕೈ ಹಾಕಿ ಕೀಲಿ ತಗೊಂಡ. ಏರಿಗೆ ಹೋದ ಮ್ಯಾಲ ತಿಳೀತು, ಗಾಡಿ ಎಳ್ಯಂಗಿಲ್ಲ. ಖಾಲಿ ಗಾಡೀನ ಎಳೀದಿದ್ರ ಮಣಭಾರದ ತೊಟ್ಲಾ ಹೆಂಗ ಎಳೀತೈತಿ? ಆ ಗಾಡಿ ಬಿಟ್ಟು ಬ್ಯಾರೆದು ತಗೊಂಡ್ರ ಕಳ್ಳತನ ಆಗ್ತಿತ್ತು, ಆದ್ರ ಸುಭಾಸನ ಮ್ಯಾಲ ಬರ್ತಿದ್ದಿಲ್ಲ. ಅದಕ್ಕ ಮೆಲ್ಲಕ ದೂಡಿಕೊಂಡು ಇಲ್ಲಿಗೆ ತಂದ. ಐತವಾರ ತನ್ನ ಗಾಡಿ ಪ್ಲೇಟ್ ಬಿಚ್ಚಿ ಅದಕ್ಕ ಹಾಕಿದ, ಅದರದನ್ನ ಇದಕ್ಕ ಹಾಕಿದ. ಖಾಲಿ ಬಿಟ್ರ ತನ್ನ ಗಾಡಿ ಅಲುಗಂಗಿಲ್ಲ, ಮಂದಿ ಕೇಳ್ತಾರ. ರಾತ್ರಿ ಬಂದು ತೊಟ್ಲಾ ಏರಿನ ಮ್ಯಾಲ ಒಯ್ದು ಸುಭಾಸನ ಗಾಡಿ ಅಲ್ಲೇ ಬಿಟ್ಟ.”

“ಎಂಜಿನ್ ಬಿಚ್ಚಿ ಯಾರು ನೋಡ್ತಾರ ಅನ್ಕೊಂಡೆ,” ಎಂದ ಕಿರಣಕುಮಾರ. ಆಮೇಲೆ ತಲೆ ಎತ್ತಿದ. ಕಣ್ಣಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಇತ್ತು. “ಅದನ್ನ ಮಾಡಿದಾವ್ರು ನಾವ್ರಿ. ನಮ್ಮ ಮುತ್ತ್ಯಾ. ಆ ಮುದುಕಿ ಮನ್ಯಾಗ ಇಲಿ ಉಚ್ಚಿ ಹೊಯ್ತಾವ ಅದರ ಮ್ಯಾಲ. ಅದನ್ನ ಕೊಳ್ಳಾಕ ಬಂದ ರೆಸಾರ್ಟಿನಾವ್ರು ಗಾಜಿನ ಪೆಟಗಿಯೊಳಗ ಇಡ್ತೀವಿ ಅಂದ್ರು, ಮುತ್ತ್ಯಾನ ಹೆಸರ ಬರಸ್ತೀವಿ ಅಂದ್ರು.”

“ಮುತ್ತ್ಯಾನ ಹೆಸರ ಗಾಜಿಗೆ,” ಎಂದಳು ಮಾಬುಬಿ. “ಸುಭಾಸನ ಹೆಸರ ಠಾಣೆಗೆ. ಅವನ ಮನ್ಯಾಗ ಒಂಬತ್ತು ದಿನದ ಕೂಸೈತಿ, ಗೊತ್ತಿತ್ತಿಲ್ಲ ನಿನಗ?”

ಗೊತ್ತಿತ್ತು. ಅವನು ಮುಖ ಕೆಳಗೆ ಹಾಕಿದ.

ತೊಟ್ಟಿಲು ಹುಬ್ಬಳ್ಳಿಯ ಒಂದು ಗೋದಾಮಿನಲ್ಲಿತ್ತು. ಏರಿನ ಮೇಲೆ ಕಾಯುತ್ತಿದ್ದ ರೆಸಾರ್ಟಿನವರ ವ್ಯಾನಿಗೆ ಹಾಕಿ ಕಳಿಸಿದ್ದ. ಭತ್ತದ ಹುಲ್ಲು ಸುತ್ತಿ ಕಟ್ಟಿದ್ದರು, ಮರುದಿನದ ಲಾರಿಗೆ ಏರಬೇಕಿತ್ತು. ನಾಲ್ಕು ಗಂಟೆಗೆ ಸಾಹೇಬರು ಬಂದಾಗ ಕೋರ್ಟಿನ ಕಾಗದದಲ್ಲಿ ಹೆಸರು ಬದಲಾಗಿತ್ತು. ಹವಾಲ್ದಾರ ಸುಭಾಸನಿಗೆ ಚಹಾ ತರಿಸಿ, “ಹೋಗಪಾ,” ಎಂದಷ್ಟೇ ಹೇಳಿದ. ಅದಕ್ಕಿಂತ ಹೆಚ್ಚಿಗೆ ಹೇಳುವುದು ಅವನಿಗೆ ರೂಢಿ ಇರಲಿಲ್ಲ.

* * *

ಗುರುವಾರ ಕೋರ್ಟಿನಿಂದ ತೊಟ್ಟಿಲು ಬಿಡುಗಡೆಯಾಯಿತು. ಮೈಲಾರವ್ವ ಅದನ್ನು ಮನೆಗೆ ಇಳಿಸಲಿಲ್ಲ. ಟ್ರ್ಯಾಕ್ಟರಿನಲ್ಲಿ ಹಾಗೆಯೇ ಕೆರೆ ದಾಟಿಸಿ ಸುಭಾಸನ ಮನೆ ಮುಂದೆ ನಿಲ್ಲಿಸಿದಳು. ಮಾಬುಬಿ ಅಲ್ಲಿಯೇ ಇದ್ದಳು. ಸುಭಾಸನ ಗಾಡಿಗೆ ಹೊಸ ಪ್ಲೇಟ್ ಯಾವಾಗ ಹಾಕುವುದು, ಅದು ಠಾಣೆಯಿಂದ ಯಾವಾಗ ಬರುತ್ತದೆ ಎಂಬ ಮಾತು ನಡೆದಿತ್ತು. ಸುಭಾಸ ಬಂದಾಗಿನಿಂದ ಮನೆಯಿಂದ ಹೊರಗೆ ಬಿದ್ದಿರಲಿಲ್ಲ. ಶಾಲೆಯವರು ಇನ್ನೂ ಕರೆದಿರಲಿಲ್ಲ. ಪೊಲೀಸರು ಬಿಟ್ಟರೇನು, ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ಯಾರೋ ಅಲ್ಲಿ ಅಂದಿದ್ದರಂತೆ.

ಮುದುಕಿ ಕೆಳಗಿಳಿದು ಬಾಗಿಲಿಗೆ ಬಂದಳು. ಆ ಓಣಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

“ನಾಳೆ ಹೆಸರಿಡೂದು ಐತಂತಲ್ಲ,” ಎಂದಳು, ದನಿ ತಗ್ಗಿಸಿ. “ತೊಟ್ಲಾ ತಂದೀನಿ. ಆಗಿದ್ದು ಆತು. ಮನಸಿನ್ಯಾಗ ಇಟಗೋಬ್ಯಾಡ್ರಿ.”

ಸುಭಾಸ ಬಾಗಿಲ ಸಂದಿಯಲ್ಲಿ ನಿಂತಿದ್ದ. ಸುನೀತಾ ಕೂಸನ್ನು ಅವನ ಕೈಗೆ ಕೊಟ್ಟು ಹೊರಗೆ ಬಂದಳು.

“ಆಯಿ, ನೀವು ನಿಮ್ಮ ಕಟ್ಟಿ ಮ್ಯಾಲ ನಿಂತು ಕೂಗಿದ್ದು ನಮಗ ಇಲ್ಲೀಮಟ ಕೇಳಿತ್ರಿ. ಈಗ ಇಲ್ಲಿ ಬಂದು ಮೆಲ್ಲಕ ಹೇಳಿದ್ರ, ಅಲ್ಲೀಮಟ ಯಾರಿಗೆ ಕೇಳಸ್ತೈತಿ?”

ಮೈಲಾರವ್ವನ ಮುಖ ಕೆಂಪಾಯಿತು. ಬಾಯಿ ತೆರೆದಳು. ಅವಳ ಬಾಯಿ ತೆರೆದು ಮಾತಿಲ್ಲದೆ ಮುಚ್ಚಿದ್ದನ್ನು ಬಮ್ಮಿಗಟ್ಟಿ ಎಂದೂ ಕಂಡಿರಲಿಲ್ಲ. ತಿರುಗಿ ಟ್ರ್ಯಾಕ್ಟರನ್ನೂ ಹತ್ತದೆ ಕೆರೆಯ ಒಡ್ಡಿನ ಮೇಲೆ ನಡೆದುಕೊಂಡು ಹೊರಟಳು. ತೊಟ್ಟಿಲು ಟ್ರಾಲಿಯಲ್ಲೇ ಉಳಿಯಿತು.

“ಸಿಟ್ಟಾದ್ಲೇನೋ,” ಎಂದ ಸುಭಾಸ.

“ಆಗ್ಲಿ,” ಎಂದಳು ಸುನೀತಾ.

ಮುದುಕಿ ಒಡ್ಡು ದಾಟಿ ಮರೆಯಾದಳು. ಆಮೇಲೆ ಕೆರೆಯ ಆಚೆಯಿಂದ ಆ ದನಿ ಬಂತು. ಎಪ್ಪತ್ತು ದಾಟಿದ, ಗಂಟಲು ಬೀಳದ ದನಿ.

“ಕೇಳ್ರಿ ಲೇ ಎಲ್ಲಾರೂ. ಹೊರಗ ಬಂದು ಕೇಳ್ರಿ. ಸುಭಾಸ ಕಳ್ಳಲ್ಲ. ಅವನ್ನ ಕಳ್ಳ ಅಂದಾಕಿ ನಾನು, ನಾ ಹೇಳಿದ್ದು ಸುಳ್ಳ. ಕುಬಿಹಾಳಕ್ಕ ಕೊಟ್ಟೆ, ಕೆರಿ ಆಚೆ ಕೊಡಲಿಲ್ಲ. ಅದೂ ನನ್ನ ತಪ್ಪ. ಶಾಲಿ ಮಾಸ್ತರ್ರ, ನಿಮಗೂ ಕೇಳಿಸ್ತೇನ್ರಿ? ಇಲ್ಲಂದ್ರ ನಿಮ್ಮ ಬಾಗಲಕ್ಕ ಬಂದು ಹೇಳ್ತೀನಿ.”

ಸುಭಾಸ ಮಗಳನ್ನು ಎದೆಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕುಳಿತುಬಿಟ್ಟ. ಠಾಣೆಯಲ್ಲಿ ಬಾರದ ಅಳು ಈಗ ಬಂತು, ಅವನು ತಡೆಯಲಿಲ್ಲ.

ಸುನೀತಾ ಕೊನೆಯ ಮಾತಿನವರೆಗೂ ನಿಂತು ಕೇಳಿದಳು. ನಂತರ ಟ್ರಾಲಿಯ ಹತ್ತಿರ ಹೋಗಿ ತೊಟ್ಟಿಲಿನ ಒಂದು ಕಾಲು ಹಿಡಿದಳು.

“ಅಕ್ಕಾ, ಆ ಕಡೆ ಹಿಡೀರಿ,” ಎಂದಳು ಮಾಬುಬಿಗೆ. “ಒಳಗ ಒಯ್ಯೂಣು.”